ಅಳಿಸಿದ ವಿಭೂತಿ

ಪುಣೆ, 12 ಫೆಬ್ರವರಿ 2003

ಅಪ್ಪಾ,

ಕಾಲೇಜಿನ ಫೋಟೋಶಾಪ್ ಪ್ರಾಜೆಕ್ಟಿಗೆ ಹಾಳಾದ ಹಳೆಯ ಫೋಟೋ ಒಂದನ್ನು ಸರಿಪಡಿಸಬೇಕಿತ್ತು. ನಾನು ನಿಮ್ಮದನ್ನು ಸ್ಕ್ಯಾನ್ ಮಾಡಿ ಬಿರುಕು, ಬೂಷ್ಟಿನ ಕಲೆ ಎಲ್ಲ ತೆಗೆದೆ. ಹತ್ತಕ್ಕೆ ಒಂಬತ್ತು ಅಂಕ ಬಂತು. ನಿಮ್ಮ ವರ್ಷದ ಪುಣ್ಯಸ್ಮರಣೆಗೆ ಕಟ್ಟು ಹಾಕಿಸಲೆಂದು ನಿನ್ನೆ ಅದರ ಪ್ರಿಂಟನ್ನು ಅವ್ವನಿಗೆ ಕೊಟ್ಟೆ.

"ಇದ್ಯಾವ ಸಾಹೇಬ್ರನ್ನ ಕರಕೊಂಡ ಬಂದೀಯೋ?" ಎಂದು ನಕ್ಕಳು. "ಹಣಿ ಮ್ಯಾಲಿನ ಇಬತ್ತಿ ಎಲ್ಲಿ? ಇಬತ್ತಿ ಹಚ್ಚಲಾರದ ನಿಮ್ಮಪ್ಪ ಚಹಾ ಸುದ್ದಾ ಕುಡೀತಿರಲಿಲ್ಲ."

"ಬೂಷ್ಟ ಅಂತ ತಿಳದ ಅಳಿಸೇನವ್ವಾ" ಎಂದೆ. ಅದು ಸುಳ್ಳು. ವಿಭೂತಿಯ ಮೂರು ಗೆರೆ ನನಗೆ ಸ್ಪಷ್ಟವಾಗಿ ಕಂಡಿದ್ದವು. ತರಗತಿಯಲ್ಲಿ ಎಲ್ಲರೆದುರು ತೋರಿಸಬೇಕಲ್ಲ ಎಂದೇ ಅಳಿಸಿದ್ದೆ.

ಇವತ್ತು ಲ್ಯಾಬಿನಲ್ಲಿ ಮೂಲ ಸ್ಕ್ಯಾನ್ ತೆರೆದು ನಿಮ್ಮ ಹಣೆಯನ್ನು ಮೊದಲಿದ್ದಂತೆ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಸಹಪಾಠಿ ಪ್ರಾಚಿ, ಇವರು ಯಾರು ಎಂದು ಮರಾಠಿಯಲ್ಲಿ ಕೇಳಿದಳು. ನನ್ನ ತಂದೆ ಎಂದೆ.

ಅಡ್ಮಿಷನ್ ದಿನ ಗೇಟಿನ ಬಳಿ ನಿಮ್ಮನ್ನು ನೋಡಿ ಅವಳು ಇದನ್ನೇ ಕೇಳಿದ್ದಳು. ನಮ್ಮ ಊರಿನವರು ಎಂದು ಮರಾಠಿಯಲ್ಲೇ ಹೇಳಿದ್ದೆ. ನೀವು ಪಕ್ಕದಲ್ಲೇ ನಿಂತಿದ್ದಿರಿ. ಇಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದ ನಿಮಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು.