ಅರ್ಧ ಸುತ್ತು ಸಡಿಲ

27 ಸೆಪ್ಟೆಂಬರ್, ಶನಿವಾರ

ಕುಚ್ಚಲಕ್ಕಿ ಅನ್ನ, ಬಸಳೆ ಸಾರು. ನವರಾತ್ರಿ, ಮೀನಿಲ್ಲ. ಡಬ್ಬ ಹಿಡಿದು ಡೊಂಬಿವಲಿಯಿಂದ ಕಳಂಬೋಲಿಗೆ ಬಸ್ಸು. ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಹಿತೇಶ್ ಭಾಯಿಯ ಶೆಡ್ಡು. ಮಗಳು ನಿಕಿತಾ ಅಲ್ಲಿ ರೇಸಿನ ಕಾರ್ಟ್ ಹದ ಮಾಡುವವಳು. ಮೈ ಇಲ್ಲದ ಪುಟ್ಟ ಕಾರು ಅದು — ಪೈಪು, ಸೀಟು, ನಾಲ್ಕು ಚಕ್ರ.

ಮೂರನೇ ತಿರುವಿನಲ್ಲಿ ಗಾಡಿ ತಿರುಗುವುದಿಲ್ಲವಂತೆ. ಓಡಿಸುವ ಮನೀಶ ದೂರು ಕೊಟ್ಟಿದ್ದಾನೆ. ಹಿತೇಶ್ ಭಾಯಿ ನನ್ನೆದುರೇ ಹೇಳಿದರು, "ಅಗಲೇ ಸಂಡೇ ರೇಸ್. ಠೀಕ್ ನಹೀ ಹುವಾ ತೋ ಪುಣೆ ಸೇ ಆದ್ಮೀ ಆಯೇಗಾ." ಮುಂದಿನ ಭಾನುವಾರದ ರೇಸಿಗೆ ಸರಿಯಾಗದಿದ್ದರೆ ಪುಣೆಯಿಂದ ಬೇರೆಯವನು ಬರುತ್ತಾನಂತೆ, ಅಂದರೆ ನಿಕಿತಾ ಮನೆಗೆ.

ಅವಳಿಗೆ ಗಾಬರಿಯೇ ಇಲ್ಲ. ಊಟ ಮಾಡುತ್ತಾ ನನಗೆ ಪಾಠ.

"ಹಿಂದಿನ ಎರಡೂ ಚಕ್ರ ಒಂದೇ ರಾಡಿಗೆ ಅಲ್ವಾ ಅಮ್ಮ? ತಿರುಗುವಾಗ ಒಳಗಿನದ್ದು ಒಂಚೂರು ಮೇಲೆ ಏಳ್ಬೇಕು. ಇಲ್ಲದಿದ್ರೆ ಗಾಡಿ ಸೀದಾ ಹೋಗ್ಲಿಕ್ಕೆ ನೋಡ್ತದೆ."

"ಸ್ಪ್ರಿಂಗೇ ಇಲ್ಲ, ಏಳುವುದು ಹೇಗೆ ಮಾರಾಯ್ತಿ?"

"ಪೈಪೇ ಬಳುಕ್ತದೆ. ನಾವು ಬಿಡ್ಬೇಕು, ಬಸ್."

30 ಸೆಪ್ಟೆಂಬರ್, ಮಂಗಳವಾರ

ಇವತ್ತು ಟ್ರ್ಯಾಕಿಗೇ ಹೋದೆ. ಮನೀಶ ಓಡಿಸುವಾಗ ಬಿಸಿ ಡಾಂಬರಿನ ಮೇಲೆ ಕೆನ್ನೆ ಊರಿ ಮಲಗಿ ನೋಡಿದಳು, ನನ್ನ ಮಗಳು! ಮುಂದಿನ ಚಕ್ರ ಎರಡು ನೂಲು, ಅಂದರೆ ಕಾಲಿಂಚು, ಹೊರಗೆ ಸರಿಸಿದಳು. ಸೀಟಿನ ಹಿಂದೆ ಏನೋ ಮಾಡಿದಳು. ಮತ್ತೆ ಮಲಗಿದಳು. ಐದನೇ ಸಲಕ್ಕೆ ನನಗೂ ಕಂಡಿತು — ಕಾವಲಿಯಲ್ಲಿ ನೀರುದೋಸೆ ಬೆಂದಾಗ ಅಂಚು ತಾನಾಗಿ ಏಳುತ್ತದಲ್ಲ, ಹಾಗೆ. ಚಕ್ರ ಎದ್ದಿತು, ಗಾಡಿ ತಿರುಗಿತು. ಮನೀಶ ಹೆಬ್ಬೆರಳು ತೋರಿಸಿದ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಹೊಟ್ಟೆಯಲ್ಲಿ ಇವಳು ಹುಟ್ಟಿದ್ದು. ದೇವಿ, ನಿನ್ನ ಲೀಲೆ.

1 ಅಕ್ಟೋಬರ್, ಬುಧವಾರ. ಆಯುಧಪೂಜೆ

ಶೆಡ್ಡಿನಲ್ಲಿ ಪೂಜೆ ನನ್ನದೇ. ನಿಕಿತಾ ಹೂ ತರಲು ಹೋಗಿದ್ದಳು. ಕಾರ್ಟ್ ಒರೆಸುವಾಗ ಸೀಟಿನ ಹಿಂದಿನ ಎರಡು ನಟ್ಟು ಸಡಿಲ! ಊರಲ್ಲಿ ಅಪ್ಪ ಹಾರೆಯ ಹಿಡಿ ಅಲ್ಲಾಡಿದರೆ ಬಿಗಿ ಮಾಡದೆ ಕುಂಕುಮ ಇಟ್ಟವರಲ್ಲ. ಕುಂಕುಮದ ಕೈಯಲ್ಲೇ ಸ್ಪ್ಯಾನರ್ ಹುಡುಕಿ, ಕೈ ನೋಯುವಷ್ಟು ಬಿಗಿ ಮಾಡಿದೆ. ಪಾಪದ ಹುಡುಗಿ, ಗಡಿಬಿಡಿಯಲ್ಲಿ ಮರೆತಿರಬೇಕು. ಹೇಳಿ ನಾಚಿಸುವುದು ಯಾಕೆ?

4 ಅಕ್ಟೋಬರ್, ಶನಿವಾರ, ಸಂಜೆ 6

ಬೆಳಿಗ್ಗೆ ಪ್ರಾಕ್ಟೀಸ್. ಮೂರನೇ ತಿರುವಿನಲ್ಲಿ ಕಾರ್ಟ್ ಕಪ್ಪೆಯ ಹಾಗೆ ಕುಪ್ಪಳಿಸಿತು. ಮನೀಶ ಇಳಿದವನೇ ಹೆಲ್ಮೆಟ್ ಕುಕ್ಕಿದ. ಹಿತೇಶ್ ಭಾಯಿ ಫೋನ್ ತೆಗೆದರು — ಪುಣೆಗೆ. ನಿಕಿತಾ ಟಯರಿನ ಮೇಲೆ ಅಂಗೈ ಸವರಿದಳು. ಪೈಪಿನ ಉದ್ದಕ್ಕೂ ಬೆರಳು ಆಡಿಸುತ್ತಾ ಸೀಟಿನ ಹಿಂದೆ ಬಂದು ನಿಂತಳು. ಆ ಎರಡು ನಟ್ಟು. ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ಎತ್ತಿದಳು. ಹಿಡಿಯ ಮೇಲೆ ನನ್ನ ಬೆರಳಿನ ಕುಂಕುಮ.

ನನ್ನನ್ನು ನೋಡಿದಳು. ಆಮೇಲೆ ಅವರಿಗೆ, "ಸಾರಿ ಭಾಯಿ. ಮೇರೀ ಗಲ್ತೀ. ಮೈನೇ ಟೈಟ್ ಕಿಯಾ."

ತಾನೇ ಬಿಗಿ ಮಾಡಿದೆ ಅಂತ ಸುಳ್ಳು! ನನಗಾಗಿ. ಹಬ್ಬದ ವಾರದಲ್ಲಿ.

ಎದ್ದು ಹೋದೆ. ಮಾಡಿದ್ದು ನಾನು, ಅವಳಿಗೆ ಗೊತ್ತೇ ಇಲ್ಲ ಅಂತ ಬಂದಷ್ಟು ಹಿಂದಿಯಲ್ಲಿ ಹೇಳಿದೆ, "ಹಿತೇಶ್ ಭಾಯ್, ಹಮ್ ಕಿಯಾ. ಪೂಜಾ ಕೇ ಲಿಯೇ. ಲಡ್ಕೀ ಕೋ ಕುಛ್ ಮಾಲೂಮ್ ನಹೀ."

ಅವರ ಫೋನ್ ಕಿಸೆಗೆ ಹೋಯಿತು. "ಆಂಟೀ, ಅಗಲೀ ಬಾರ್ ಸಿರ್ಫ್ ನಾರಿಯಲ್ ಫೋಡೋ." ಮುಂದಿನ ಸಲ ತೆಂಗಿನಕಾಯಿ ಮಾತ್ರ ಒಡೆಯಬೇಕಂತೆ.

ನಿಕಿತಾ ಸ್ಪ್ಯಾನರ್ ನನ್ನ ಕೈಗೇ ಕೊಟ್ಟಳು. "ನೀನೇ ಬಿಚ್ಚು. ಅರ್ಧ ಸುತ್ತು, ಜಾಸ್ತಿ ಬೇಡ."

"ಬಿದ್ದುಹೋದ್ರೆ?"

"ನಟ್ಟಿನ ಒಳಗೆ ಹಿಡಿದುಕೊಳ್ಳುವ ಪ್ಲಾಸ್ಟಿಕ್ ಬಳೆ ಉಂಟಮ್ಮ, ಬೀಳುವುದಿಲ್ಲ. ಬಿಗಿ ಆದ್ರೆ ಪೈಪು ಬಳುಕುವುದಿಲ್ಲ. ಸಡಿಲ ಬಿಟ್ಟದ್ದು ಮರೆತಲ್ಲ, ಲೆಕ್ಕ ಹಾಕಿ."

ತಲೆ ತಗ್ಗಿತು. ಮರೆತಿರಬೇಕು ಅಂದುಕೊಂಡವಳು ನಾನು.

ಪುನಃ ಓಡಿಸಲು ಟೈಮ್ ಇರಲಿಲ್ಲ. ಗೊತ್ತಾಗುವುದು ನಾಳೆಯೇ.

5 ಅಕ್ಟೋಬರ್, ಭಾನುವಾರ, ರೇಸ್ ಆದ ಮೇಲೆ

ಹದಿನೆಂಟು ಗಾಡಿ. ಕಣ್ಣು ಮುಚ್ಚಿ ದೇವಿಯ ಹೆಸರು ಹೇಳಬೇಕೆಂದಿದ್ದೆ, ಮುಚ್ಚಲಾಗಲಿಲ್ಲ. ಪ್ರತಿ ಸುತ್ತಿಗೂ ಮೂರನೇ ತಿರುವು, ಪ್ರತಿ ಸಲವೂ ಆ ಒಳಗಿನ ಚಕ್ರ ಡಾಂಬರು ಬಿಟ್ಟು ಒಂದು ಬೆರಳು ಮೇಲೆ. ಒಂಬತ್ತನೆಯವನಾಗಿ ಹೊರಟ ಮನೀಶ ಅದೇ ತಿರುವಿನಲ್ಲಿ ಆರು ಮಂದಿಯನ್ನು ದಾಟಿದ. ಕಡೆಗೆ ಮೂರನೆಯವ.

ಹಿತೇಶ್ ಭಾಯಿ ನನ್ನೆದುರೇ ಪುಣೆಗೆ ಫೋನ್ ಮಾಡಿದರು. "ಆನೇ ಕೀ ಜರೂರತ್ ನಹೀ. ಲಡ್ಕೀ ಹೈ ಅಪ್ನೇ ಪಾಸ್." ಬರುವುದು ಬೇಡ, ನಮ್ಮ ಹುಡುಗಿ ಇದ್ದಾಳೆ ಅಂತ. ನಿಕಿತಾ ಅದನ್ನು ಕಿವಿಗೆ ಹಾಕಿಕೊಳ್ಳಲೂ ಇಲ್ಲ, ಟಯರಿಗೆ ಅಂಗೈ ಸವರುತ್ತಾ ಕೂತಿದ್ದಳು.

ರಾತ್ರಿ 8

ದೀಪ ಇಡುವ ಹೊತ್ತು ಮೀರಿತು. ಕಾಲುದೀಪದ ತಿರುಪು ಅಲ್ಲಾಡುತ್ತಿದೆ. ಬಿಗಿ ಮಾಡಲು ಕೈ ಹಾಕಿದವಳು ತೆಗೆದೆ. ನಿಕಿತಾ ಸ್ನಾನ ಮುಗಿಸಿ ಬರಲಿ, ಒಂದು ಮಾತು ಕೇಳಿಯೇ —