ಸದ್ದಿಲ್ಲದ ಅಳು

ಮೈಸೂರು, ಗುರುವಾರ
14-8-2003

ನನ್ನ ಬಂಗಾರಿ ಹೇಮಾ,

ಹೊಟ್ಟೆ ಮೇಲಿನ ಹೊಲಿಗೆ ಒಣಗ್ತಾ ಇದೆಯಾ? ಬಿಪಿ ಇಳೀತಾ? ಕೆ.ಆರ್. ನಗರದ ಡಾಕ್ಟರು ಮಲಗಿರು ಅಂದ್ರೆ ಮಲಗಿರು, ಬಸ್ ಹತ್ತಿ ಮಗನ ಹತ್ರ ಬತ್ತೀನಿ ಅಂತ ಹಟ ಮಾಡಬೇಡ ಕಣೆ. ಇಲ್ಲಿ ಆಸ್ಪತ್ರೇಲಿ ಅವನ ಜತೆ ನಾನಿದೀನಿ.

ಕೂಸು ಉಸಿರಾಡ್ತಾ ಇದೆ. ಏಳು ತಿಂಗಳಿಗೇ ಹುಟ್ಟಿದ್ದಲ್ವಾ, ಎದೇಲಿ ಇನ್ನೂ ಶಕ್ತಿ ಸಾಲದು. ಬಾಯಿಂದ ಗಂಟಲಿಗೆ ಸಣ್ಣ ಕೊಳವೆ ಇಳಿಸಿ ಮಿಷನ್ನಿಂದ ಉಸಿರು ಕೊಡ್ತಾ ಇದಾರೆ. ನಿನ್ನೆ ರಕ್ತ ತೆಗೆಯಕ್ಕೆ ಹಿಮ್ಮಡಿಗೆ ಸೂಜಿ ಚುಚ್ಚಿದಾಗ ನಾನು ಗಾಜಿನಾಚೆ ನಿಂತಿದ್ದೆ. ಮುಖವೆಲ್ಲ ಕಿವುಚಿಕೊಂಡು ಅತ್ತ ಕಣೆ, ಸದ್ದೇ ಇಲ್ಲ. ಕೊಳವೆ ಇದ್ರೆ ದನಿ ಹೊರಡಲ್ಲವಂತೆ. ತಡೆಯಕ್ಕಾಗದೆ ಡಾಕ್ಟರಮ್ಮನ್ನ ಕೇಳಿದೆ, ಇಷ್ಟು ಸಣ್ಣ ಜೀವಕ್ಕೂ ನೋವು ಗೊತ್ತಾಗ್ತದಾ ಅಂತ. ಆಯಮ್ಮ ಮುಚ್ಚಿಡಲಿಲ್ಲ. "ನಮ್ಮಷ್ಟೇ ಗೊತ್ತಾಗ್ತದಮ್ಮ. ನೋವಿನ ಔಷಧಿ ಚೂರೇ ಚೂರು ಕೊಡಬಹುದು. ಆದ್ರೆ ಅದರಿಂದ ಉಸಿರು ಮಂದ ಆಗ್ತದೆ, ಮಿಷನ್ ಬಿಡಿಸೋದು ತಡ ಆಗಬಹುದು," ಅಂದ್ರು.

ಅಳಿಯಂದ್ರು ಒಪ್ಪಲಿಲ್ಲ. "ಬೇಡ ಅತ್ತೆ, ಔಷಧಿ ಮತ್ತಲ್ಲೇ ಜೀವ ಹೋಗ್ಬುಟ್ರೆ?" ಅಂದ್ರು. ಆ ಭಯ ನನಗೂ ಇತ್ತು. ಆದ್ರೂ ಅವರನ್ನ ಗಾಜಿನ ಹತ್ರ ಕರ್ಕೊಂಡೋಗಿ ನಿಲ್ಲಿಸಿದೆ. ಮಿಷನ್ ಉಸಿರು ತಳ್ಳಿದಾಗೆಲ್ಲ ಕೂಸು ಮುಷ್ಟಿ ಬಿಗಿದು ಅದರ ಜತೆ ಗುದ್ದಾಡ್ತಿತ್ತು. ಅಳಿಯಂದ್ರು ಬಹಳ ಹೊತ್ತು ನೋಡಿದ್ರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಕೊಡಿ ಮೇಡಂ," ಅಂದ್ರು.

ಕೊಟ್ರು. ಸ್ವಲ್ಪ ಹೊತ್ತಿಗೆ ಮುಷ್ಟಿ ತಾನಾಗೇ ಬಿಚ್ಚಿಕೊಂತು. ಗುದ್ದಾಟ ನಿಂತು ಮಿಷನ್ನೂ ಅವನೂ ಒಟ್ಟಿಗೆ ಉಸಿರಾಡಿದ್ರು. ಡಾಕ್ಟರಮ್ಮ ಪಕ್ಕದಿಂದ ಅಲ್ಲಾಡಲಿಲ್ಲ. ಆದ್ರೆ ಸೂಜಿ ಚುಚ್ಚಿದಾಗೆಲ್ಲ ಅಂಥ ಔಷಧಿ ಏರಿಸಕ್ಕಾಗಲ್ಲವಂತೆ. ಅದಕ್ಕೇ ಚುಚ್ಚೋವಾಗ ಅವನನ್ನ ಹಿಡ್ಕೋತೀನಿ, ನನ್ನನ್ನ ಒಳಗೆ ಬಿಡಿ ಅಂತ ಪಟ್ಟು ಹಿಡಿದೆ. ಬಿಟ್ರು. ಮೊಣಕೈವರೆಗೂ ತೊಳೆಸಿ ನರ್ಸ್ ಸುಂದ್ರಮ್ಮ ಹೇಳಿಕೊಟ್ರು: ಒಂದು ಅಂಗೈ ತಲೆಗೆ, ಇನ್ನೊಂದರಲ್ಲಿ ಕಾಲು ಮಡಿಸಿ ಹಿಡಿಯೋದು. ಸವರಬಾರದು, ಸುಮ್ಮನೆ ಹಿಡಿದಿರಬೇಕು. ಇವತ್ತು ಚುಚ್ಚಿದಾಗ ಮುಖ ಕಿವುಚಿದ, ನನ್ನ ಕೈಯೊಳಗೇ ಬೇಗ ಸಮಾಧಾನ ಆದ. ಇನ್ನು ಒಂದು ಸೂಜಿಯೂ ಅವನಿಗೆ ಒಂಟಿಯಾಗಿ ಬೀಳಕ್ಕೆ ಬಿಡಲ್ಲ.

ಶಿವ ನಿಮ್ಮಿಬ್ಬರನ್ನೂ ಬೇಗ ಒಂದೇ ಮಂಚದಲ್ಲಿ ಮಲಗಿಸಲಿ.

ನಿನ್ನ ಅವ್ವ,
ಮಂಗಳಗೌರಿ

ತಾಜಾಕಲಂ: ಕಾಗದ ಮಡಿಸ್ತಿದ್ದಂಗೇ ನಿನ್ನ ಮೈದುನ ಬಸವರಾಜು ಊರಿಂದ ಬಂದ, ಇದನ್ನ ಅವನ ಕೈಲೇ ಕಳಿಸ್ತಾ ಇದೀನಿ. ಕೂಸು ಉಳಿಯೋದು ಕಷ್ಟ, ಹಾಲು ಬತ್ತಲಿ ಅಂತ ನಿಮ್ಮತ್ತೆ ನಿನ್ನ ಎದೆಗೆ ಮಲ್ಲಿಗೆ ಹೂ ಕಟ್ಟಕ್ಕೆ ಹೊರಟವ್ರಂತೆ. ಕಟ್ಟಿಸ್ಕೋಬೇಡ! ಸೂಜಿಗೆ ಮುಂಚೆ ತಾಯಿಹಾಲು ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದ್ರೆ ನೋವು ಕಡಿಮೆ ಅಂತೆ, ಡಾಕ್ಟರಮ್ಮನೇ ತರಿಸಿ ಅಂದವ್ರೆ. ಕುದಿಸಿದ ಬಟ್ಟಲಿಗೆ ಹಿಂಡಿ, ಐಸಲ್ಲಿಟ್ಟು ಬಸವರಾಜು ಕೈಲಿ ಕಳಿಸು. ಒಂದೇ ತೊಟ್ಟು ಬಂದ್ರೂ ಸರಿ, ಕಳಿಸು.