ತರ್ಮುಜಿಯ ಡ್ರಿಲ್ಲು

ಸೊಲೊ. ಜುಲೈ 14, ಭಾನುವಾರ.

ಓಣಿಯವರು ಡ್ರಿಲ್ಲು ಕೇಳಿಕೊಂಡು ನನ್ನ ಬಾಗಿಲಿಗೆ ಬರುವುದು ನಿಂತೇ ಹೋಗಿದೆ. ಪಕ್ಕದ ಮನೆಯ ತರ್ಮುಜಿ ವೈರಿಲ್ಲದ, ಬ್ಯಾಟರಿಯ ಹೊಸದೊಂದನ್ನು ತಂದ ದಿನದಿಂದ ಎಲ್ಲರ ಚಪ್ಪಲಿಯೂ ಅವನ ಜಗಲಿಯ ಮುಂದೆ. ಕೊಟ್ಟರೆ ಮೊನೆ ಸವೆಸಿ ತರುತ್ತಾರೆಂದು ಬೈಯುತ್ತಿದ್ದವನೂ ನಾನೇ. ಅವನಿಗೆ ಡ್ರಿಲ್ಲು, ನನಗೆ ಮುಳ್ಳು.

ಅದನ್ನೂ ನುಂಗಿಕೊಂಡಿದ್ದೆ. ಇವತ್ತು ನಾನು ಪೇಟೆಯಿಂದ ಅಡುಗೆಗೆ ಸೋಯಾ ತೆಂಪೆ ತರುವಷ್ಟರಲ್ಲಿ ನಮ್ಮ ಮನೆಯೊಳಗೇ ಗುರ್ ಎನ್ನುವ ಸದ್ದು. ಹೊಸ ಕನ್ನಡಿ ತೂಗುಹಾಕಲು ನನ್ನ ಹೆಂಡತಿ ವುರ್ಯಾನಿ ಅವನನ್ನೇ ಕರೆದಿದ್ದಾಳೆ! ಮೇಲೆ ಮಲ್ಲಿಗೆ ಚಹಾದ ಉಪಚಾರ ಬೇರೆ.

"ಯಾಕೇ, ಮನೇಲಿ ನಂದಿರಲಿಲ್ವಾ?"

"ನಿಮ್ದು ಹುಡುಕೋಕೆ ಅರ್ಧ ದಿನ, ವೈರು ಬಿಡಿಸೋಕೆ ಇನ್ನರ್ಧ ದಿನ, ಮಾಸ್. ಪಾಕ್ ತರ್ಮುಜಿ ಚಹಾ ಆರೋದ್ರೊಳಗೆ ಮುಗಿಸಿದ್ರು."

ಗಂಡನಾದ ನಾನು ಬರೀ 'ಮಾಸ್', ಅವನು ಮಾತ್ರ ದೊಡ್ಡವರನ್ನು ಕರೆಯುವ ಹಾಗೆ 'ಪಾಕ್'! ಅವನು ನಕ್ಕ. "ಬೇಕಾದಾಗ ನೀವೂ ತಗೊಂಡ್ಹೋಗಿ ಮಾಸ್, ಸಂಕೋಚ ಬೇಡ."

ನನಗೇ ಕಡ ಕೊಡುತ್ತಾನಂತೆ!

ಅವನು ಹೋದ ಮೇಲೆ, ಇವಳು ಸ್ನಾನಕ್ಕೆ ಹೋಗಿದ್ದಾಗ, ಮಟ್ಟ ನೋಡುವ ರಸಮಟ್ಟ ತಂದು ಕನ್ನಡಿಯ ಚೌಕಟ್ಟಿನ ಮೇಲಿಟ್ಟೆ. ಕೂದಲೆಳೆಯಷ್ಟಾದರೂ ಓರೆ ಇರಲಿ ದೇವರೇ ಎಂದು ಬೇಡಿಕೊಂಡೆ. ಅದರ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು, ಚೂರೂ ಓರೆಯಿಲ್ಲ. ತಿರುಗಿಸಿ ಇಟ್ಟೆ. ಆಗಲೂ ಅಲ್ಲೇ.

ಈ ರಸಮಟ್ಟ ಹಳೆಯದಾಯಿತು, ಸುಳ್ಳು ಹೇಳುತ್ತಿರಬಹುದು. ನಾಳೆ ಹೊಸದೊಂದು ಕೊಂಡು ತಂದು...